ಒಂದು ದಿನದ ಹಲ್ಲು, ಆರು ತಿಂಗಳ ಎಲುಬು

ನಮ್ಮ ಕಡೆ ಹಿರಿಯರ ಹಲ್ಲು ಕೈಕೊಡತೊಡಗಿದ್ದು ಮನೆಯವರಿಗೆ ಮೊದಲು ಗೊತ್ತಾಗುವುದು ಊಟದ ತಾಟಿನಲ್ಲಿ. ಕಟಿರೊಟ್ಟಿಯನ್ನು ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ಕಟಂಕಟಂ ತಿನ್ನುತ್ತಿದ್ದ ಅಜ್ಜ, ಅದನ್ನು ಸಾರಿನಲ್ಲಿ ನೆನೆಹಾಕಿ ಕಾಯುತ್ತ ಕೂಡುತ್ತಾನೆ. ಕೆಲವು ದಿನಕ್ಕೆ ಬಿಸಿರೊಟ್ಟಿಯೇ ಆಗಬೇಕು ಎನ್ನುತ್ತಾನೆ. ಮುಂದೆ ಅದೂ ಬೇಡ, ನುಚ್ಚು-ಮಜ್ಜಿಗೆ ಸಾಕು. ಅಮೀನಗಡದಿಂದ ಯಾರಾದರೂ ಕರದಂಟು ತಂದರೆ ಮೊಮ್ಮಕ್ಕಳ ಕೈಗಿಟ್ಟು, "ನನಗ ಸಿಹಿ ಸೇರೂದಿಲ್ಲ" ಅನ್ನುತ್ತಾನೆ. ಸಿಹಿ ಸೇರದೆ ಏನಿಲ್ಲ. ಅಂಟು ಹಿಡಿದು ಎಳೆದರೆ ಅದರ ಸಂಗಡ ಹಲ್ಲೂ ಬಂದೀತು ಎಂಬ ಅಂಜಿಕೆ.

ಈ ಹಂತಕ್ಕೆ ಬರುವ ಹೊತ್ತಿಗೆ ವಸಡು ಬಾತು, ರಕ್ತ ಬಂದು, ನಾಲ್ಕಾರು ಹಲ್ಲು ಉದುರಿ, ಉಳಿದವು ಅಳ್ಳಾಡುತ್ತಿರುತ್ತವೆ. ಆಗ ದಂತವೈದ್ಯರ ಕುರ್ಚಿಯಲ್ಲಿ ಕೂತು ಹೇಳುವ ಮಾತು ಬಾದಾಮಿಯಲ್ಲೂ ಒಂದೇ, ಹುನಗುಂದದಲ್ಲೂ ಒಂದೇ: "ಎಲ್ಲಾ ಕಿತ್ತ ಒಗೀರಿ ಸರ್ರ, ಒಮ್ಮೆಲೇ ಸ್ಕ್ರೂ ಹಲ್ಲ ಕೂಡಿಸಿಬಿಡ್ರಿ." ಈ ಬೇಡಿಕೆಗೆ ಬಲ ಕೊಟ್ಟಿರುವುದು ಜಾಹೀರಾತು. 'ಒಂದೇ ದಿನದಲ್ಲಿ ಪೂರ್ತಿ ಹಲ್ಲು' ಎಂಬ ಸಾಲು ಫೋನಿನ ಪರದೆಯ ಮೇಲೂ ಇದೆ, ಊರ ಬಾಗಿಲಿನ ಫಲಕದ ಮೇಲೂ ಇದೆ. ಸುಳ್ಳು ಎಂದು ತಳ್ಳಿಹಾಕುವ ಹಾಗಿಲ್ಲ. ಬೆಳಿಗ್ಗೆ ಹಳೆಯ ಹಲ್ಲು ಕಿತ್ತು, ಸಂಜೆಯೊಳಗೆ ಅಥವಾ ಮರುದಿನ ಅಲ್ಲಾಡದ ಹಲ್ಲಿನ ಸಾಲು ಇಟ್ಟುಕೊಂಡು ಮನೆಗೆ ಹೋಗುವುದು ಇವತ್ತು ಸಾಧ್ಯವಿದೆ. ಆದರೆ ಆ ದಿನ ಬಾಯಿಗೆ ಬರುವುದು ತಾತ್ಪೂರ್ತಿಕ ಹಲ್ಲು. ಅದರ ಕೆಳಗೆ ಎಲುಬು ಮಾಡಬೇಕಾದ ಕೆಲಸ ಆವತ್ತಿಗೆ ಇನ್ನೂ ಶುರುವೇ ಆಗಿರುವುದಿಲ್ಲ. ಆ ಎಲುಬಿನ ಲೆಕ್ಕವನ್ನು ಜಾಹೀರಾತು ಹೇಳುವುದಿಲ್ಲ. ಅದನ್ನಿಷ್ಟು ಬಿಡಿಸಿ ಹೇಳುವುದು ಈ ವಾರದ ಉದ್ದೇಶ.

ಮೊದಲು ನಮ್ಮದೇ ಹಲ್ಲು ಹೇಗೆ ನಿಂತಿದೆ ನೋಡಿ. ಹಲ್ಲು ದವಡೆಯ ಎಲುಬಿಗೆ ಅಂಟಿಕೊಂಡಿಲ್ಲ. ಬೇರಿಗೂ ಎಲುಬಿಗೂ ನಡುವೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಸಂದು ಇದೆ; ಆ ಸಂದಿನಲ್ಲಿ ಸಾವಿರಾರು ಎಳೆಗಳು ಹಲ್ಲನ್ನು ತೂಗುಹಾಕಿಕೊಂಡಿವೆ. ಅನ್ನದೊಳಗಿನ ಹರಳು ಸಿಕ್ಕ ಕ್ಷಣದಲ್ಲೇ ಬಾಯಿ ತಾನಾಗಿ ತೆರೆದುಕೊಳ್ಳುವುದು ಈ ಎಳೆಗಳು ಕಳಿಸುವ ಸುದ್ದಿಯಿಂದ. ವಸಡಿನ ರೋಗ ತಿನ್ನುವುದು ಈ ಎಳೆಗಳನ್ನು ಮತ್ತು ಅವುಗಳ ಸುತ್ತಲಿನ ಎಲುಬನ್ನು. ಹಲ್ಲು ಮೇಲುನೋಟಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತದೆ, ಹುಳುಕೂ ಇರುವುದಿಲ್ಲ, ಆದರೆ ನಿಲ್ಲುವ ನೆಲ ಕರಗಿಹೋಗಿರುತ್ತದೆ.

ಹಲ್ಲು ಹೋದ ಮೇಲೂ ಈ ಕರಗುವಿಕೆ ನಿಲ್ಲುವುದಿಲ್ಲ. ಹಲ್ಲನ್ನು ಹಿಡಿಯಲೆಂದೇ ಇದ್ದ ಎಲುಬಿನ ದಿಂಡಿಗೆ ಕೆಲಸವಿಲ್ಲದಂತಾಗಿ, ಮೊದಲ ವರ್ಷ ವೇಗವಾಗಿ, ಆಮೇಲೆ ನಿಧಾನವಾಗಿ, ಜೀವಮಾನವಿಡೀ ಅದು ಸವೆಯುತ್ತ ಹೋಗುತ್ತದೆ. ಪೂರ್ತಿ ಸೆಟ್ಟು ಹಾಕಿಕೊಂಡವರನ್ನು 25 ವರ್ಷಗಳವರೆಗೆ ಗಮನಿಸಿದ ಆಂಟ್ಯೆ ಟಾಲ್‌ಗ್ರೆನ್ ಅವರ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ ಎಂದು ಆಗ ತಿಳಿಯಿತು. ಮೇಲಿನ ಸೆಟ್ಟು ಅಂಗುಳಕ್ಕೆ ಕಚ್ಚಿಕೊಂಡು ನಿಂತರೂ ಕೆಳಗಿನ ಸೆಟ್ಟು ಮಾತಾಡುವಾಗ ಎದ್ದೆದ್ದು ಬರುವುದೇಕೆ ಎಂಬುದಕ್ಕೆ ಇಲ್ಲಿ ಅರ್ಧ ಉತ್ತರವಿದೆ. ಉಳಿದರ್ಧ ನಾಲಿಗೆಯದು, ಕೆಳಗಿನ ಸೆಟ್ಟಿಗೆ ಅದು ಒಂದು ಗಳಿಗೆಯೂ ನೆಮ್ಮದಿ ಕೊಡುವುದಿಲ್ಲ. ತೆಗೆದು ಹಾಕುವ ಸೆಟ್ಟಿನಲ್ಲಿ ಕಡಿಯುವ ಬಲ ಸ್ವಂತ ಹಲ್ಲಿನ ಕಾಲುಭಾಗದ ಆಸುಪಾಸಿಗೆ ಇಳಿದಿರುತ್ತದೆ. ಅನ್ನ-ಸಾರಿನ ಸೀಮೆಯಲ್ಲಿ ಇಷ್ಟರಲ್ಲಿ ನಡೆದುಹೋಗಬಹುದು. ಮೂರು ಹೊತ್ತೂ ಜೋಳ-ಸಜ್ಜೆ ರೊಟ್ಟಿ ಉಣ್ಣುವ ಸೀಮೆಯಲ್ಲಿ ಹೊಂದಿಕೊಳ್ಳುವುದು ಕಷ್ಟ.

ಎಲುಬಿಗೆ ಲೋಹ ಕೂಡಿಬರುತ್ತದೆ ಎಂಬುದು ಆಕಸ್ಮಿಕವಾಗಿ ಸಿಕ್ಕ ತಿಳಿವಳಿಕೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ದಂತವೈದ್ಯರಲ್ಲ. ಎಲುಬಿನೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಅವರು 1952ರಲ್ಲಿ ಲುಂಡ್ ವಿಶ್ವವಿದ್ಯಾಲಯದಲ್ಲಿ ಮೊಲದ ಕಾಲಿನ ಎಲುಬಿಗೆ ಟೈಟಾನಿಯಂನ ಪುಟ್ಟ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲೇ ಇಲ್ಲ. ಎಲುಬು ಅದನ್ನು ತನ್ನದಾಗಿಸಿಕೊಂಡಿತ್ತು. ಟೈಟಾನಿಯಂ ಗಾಳಿಗೆ ತಾಗಿದ ಕೂಡಲೇ ಅದರ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಕೂಡುತ್ತದೆ. ದೇಹ ಆ ಪದರವನ್ನು ಪರಕೀಯ ವಸ್ತು ಎಂದು ಹೊರದೂಡದೆ ಅದರ ಮೇಲೆಯೇ ಎಲುಬು ಕಟ್ಟುತ್ತದೆ. ಹದಿಮೂರು ವರ್ಷದ ತರುವಾಯ, 1965ರಲ್ಲಿ, ಯೋಸ್ತಾ ಲಾರ್ಸನ್ ಎಂಬ ಸ್ವೀಡಿಷ್ ವ್ಯಕ್ತಿಯ ಕೆಳದವಡೆಯಲ್ಲಿ ಬ್ರೋನೆಮಾರ್ಕ್ ಮೊದಲ ಬಾರಿಗೆ ಇಂಪ್ಲಾಂಟ್, ಅಂದರೆ ಹಲ್ಲು ಹೊರುವ ಟೈಟಾನಿಯಂ ಸ್ಕ್ರೂ, ಕೂರಿಸಿದರು. ಆತನಿಗೆ ಹುಟ್ಟಿನಿಂದಲೇ ದವಡೆಯ ಊನವಿತ್ತು, ಹಲ್ಲಿರಲಿಲ್ಲ. 2006ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ನಾಲ್ಕು ದಶಕ, ಆ ಹಲ್ಲು ಅವನ ಬಾಯಲ್ಲಿದ್ದವು. ಆದರೂ ಜಗತ್ತಿನ ದಂತವೈದ್ಯರು ಇದನ್ನು ನಂಬಿದ್ದು 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರವೇ.

ಇದಕ್ಕೂ ಹಿಂದಿನ ಒಂದು ಸಂಗತಿಯನ್ನು ಬಾದಾಮಿಯವರಿಗೆ ಹೇಳಲೇಬೇಕು. ಚಾಲುಕ್ಯರ ಮಂಗಲೇಶ ಇಲ್ಲಿನ ಮೂರನೆಯ ಗುಹೆಯನ್ನು ಮುಗಿಸಿ ಶಾಸನ ಬರೆಸಿದ್ದು ಕ್ರಿ.ಶ. 578ರಲ್ಲಿ. ಹೆಚ್ಚುಕಡಿಮೆ ಅದೇ ಕಾಲದ, 600ರ ಆಸುಪಾಸಿನ ಒಂದು ಮಾಯಾ ಜನರ ದವಡೆ 1931ರಲ್ಲಿ ಹೊಂಡುರಾಸ್‌ನಲ್ಲಿ ಸಿಕ್ಕಿತು. ಅದರ ಮುಂದಿನ ಮೂರು ಹಲ್ಲುಗಳ ಜಾಗದಲ್ಲಿ ಚಿಪ್ಪಿನ ತುಂಡುಗಳನ್ನು ಹಲ್ಲಿನ ಆಕಾರಕ್ಕೆ ತಿದ್ದಿ ಕೂರಿಸಿದ್ದರು. 1970ರ ಸುಮಾರಿಗೆ ಎಕ್ಸ್‌ರೇ ತೆಗೆದು ನೋಡಿದಾಗ ಚಿಪ್ಪಿನ ಸುತ್ತ ಎಲುಬು ಬೆಳೆದಿದ್ದು ಕಂಡಿತು. ಮನುಷ್ಯ ಬದುಕಿದ್ದಾಗಲೇ ಅದನ್ನು ಹಾಕಿದ್ದರು ಎಂದಾಯಿತು. ಅರಿವಳಿಕೆಯಿಲ್ಲದೆ! ಆ ಪುಣ್ಯಾತ್ಮನನ್ನು ಎಷ್ಟು ಜನ ಹಿಡಿದುಕೊಂಡಿದ್ದರೋ.

ಈಗಿನ ಮಾತಿಗೆ ಬರೋಣ. ಬಾಯಿಯ ಎಲ್ಲ ಹಲ್ಲೂ ಹೋಗಿವೆ ಅಥವಾ ಹೋಗಲಿವೆ ಎಂದರೆ ಒಂದೊಂದು ಹಲ್ಲಿಗೂ ಒಂದೊಂದು ಸ್ಕ್ರೂ ಬೇಕಾಗಿಲ್ಲ. ಒಂದು ದವಡೆಗೆ ನಾಲ್ಕು ಅಥವಾ ಆರು ಇಂಪ್ಲಾಂಟ್ ಹಾಕಿ, ಅವುಗಳ ಮೇಲೆ ಹತ್ತು-ಹನ್ನೆರಡು ಹಲ್ಲುಗಳ ಒಂದೇ ಸೇತುವೆಯನ್ನು ಬಿಗಿದರೆ ಸಾಕು. ನಾಲ್ಕರ ಪದ್ಧತಿಯನ್ನು 1990ರ ದಶಕದಲ್ಲಿ ರೂಪಿಸಿದವರು ಪೋರ್ಚುಗಲ್ಲಿನ ಲಿಸ್ಬನ್ ನಗರದ ಪಾವ್ಲೊ ಮಾಲೊ. ಅವರಿಗಿದ್ದ ತೊಡಕು ಇದು: ಮೇಲ್ದವಡೆಯ ಹಿಂಭಾಗದಲ್ಲಿ ಎಲುಬಿನ ಮೇಲೆಯೇ ಸೈನಸ್ ಎಂಬ ಗಾಳಿಗೂಡು ಇದೆ, ಕೆಳದವಡೆಯ ಹಿಂಭಾಗದಲ್ಲಿ ತುಟಿ-ಗಲ್ಲಕ್ಕೆ ಸ್ಪರ್ಶ ಕೊಡುವ ನರ ಓಡುತ್ತದೆ. ಹಲ್ಲು ಹೋಗಿ ಎಲುಬು ಸವೆದವರಲ್ಲಿ ಈ ಎರಡೂ ಇನ್ನಷ್ಟು ಹತ್ತಿರವಾಗಿರುತ್ತವೆ. ಮಾಲೊ ಹಿಂದಿನ ಎರಡು ಇಂಪ್ಲಾಂಟುಗಳನ್ನು ನೆಟ್ಟಗೆ ನಿಲ್ಲಿಸದೆ 30ರಿಂದ 45 ಡಿಗ್ರಿಯವರೆಗೆ ವಾಲಿಸಿದರು. ಹೀಗಾಗಿ ಸೈನಸ್ಸಿಗೂ ನರಕ್ಕೂ ತಾಗದೆ ಮುಂಭಾಗದ ಗಟ್ಟಿ ಎಲುಬಿನಲ್ಲೇ ಉದ್ದ ಸ್ಕ್ರೂ ಹಿಡಿಯಿತು. ಬೇರೆ ಕಡೆಯಿಂದ ಎಲುಬು ತಂದು ತುಂಬುವ ದೊಡ್ಡ ಶಸ್ತ್ರಚಿಕಿತ್ಸೆ ಅನೇಕರಿಗೆ ತಪ್ಪಿತು. ಮೇಲೆ ಎಲುಬು ತೀರ ಉಳಿಯದವರಿಗೆ ಕೆನ್ನೆಯ ಎಲುಬಿನವರೆಗೆ ಹೋಗುವ ಉದ್ದನೆಯ ಇಂಪ್ಲಾಂಟುಗಳೂ ಇವೆ. ಅದು ಬೇರೆಯೇ ಮಟ್ಟದ ಶಸ್ತ್ರಚಿಕಿತ್ಸೆ, ಎಲ್ಲರ ಕೈಯಲ್ಲೂ ಮಾಡಿಸಿಕೊಳ್ಳುವಂಥದ್ದಲ್ಲ.

ಶಸ್ತ್ರಚಿಕಿತ್ಸೆಯ ದಿನ ಏನಾಗುತ್ತದೆ ಎಂಬುದನ್ನು ಇಳಕಲ್ಲಿನವರಿಗೆ ಹೇಳುವುದು ಸುಲಭ. ಗ್ರಾನೈಟ್ ಕೊಯ್ಯುವ ಘಟಕದಲ್ಲಿ ಅಲಗಿನ ಮೇಲೆ ನೀರು ಸುರಿಯುತ್ತಲೇ ಇರಬೇಕು. ನೀರು ನಿಂತರೆ ಅಲಗೂ ಹಾಳು, ಕಲ್ಲೂ ಹಾಳು. ಎಲುಬು ಕೊರೆಯುವಾಗಲೂ ಹಾಗೆಯೇ ತಣ್ಣನೆಯ ಉಪ್ಪುನೀರು ಹರಿಸುತ್ತಾರೆ. ಕಲ್ಲು ಜೀವವಿಲ್ಲದ್ದು, ಎಲುಬಿಗೆ ಜೀವವಿದೆ. ಅದರ ಶಾಖ 47 ಡಿಗ್ರಿಗೆ ಏರಿ ಒಂದು ನಿಮಿಷ ನಿಂತರೂ ಆ ಭಾಗ ಸಾಯತೊಡಗುತ್ತದೆ ಎಂದು 1983ರಲ್ಲೇ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಸತ್ತ ಎಲುಬು ಸ್ಕ್ರೂವನ್ನು ಹಿಡಿಯುವುದಿಲ್ಲ. ಹೀಗಾಗಿ ಹದವಾದ ವೇಗದಲ್ಲಿ, ಸಣ್ಣ ಬಿಟ್‌ನಿಂದ ದೊಡ್ಡದಕ್ಕೆ ಹಂತಹಂತವಾಗಿ, ಚೂಪಾದ ಬಿಟ್ ಬಳಸಿ ಕೊರೆಯುವ ವೈದ್ಯರ ಕೈ ನಿಧಾನವೆನಿಸಿದರೆ ಗೊಣಗಬೇಡಿ. ಸ್ಥಳೀಯ ಅರಿವಳಿಕೆ ಸಾಕಾಗುತ್ತದೆ. ನೋವಿಗಿಂತ ಸದ್ದು, ಕಂಪನ ಮತ್ತು ಬಾಯಿ ತೆರೆದಿಟ್ಟ ದಣಿವೇ ಹೆಚ್ಚು ಎಂದು ಮಾಡಿಸಿಕೊಂಡವರು ಹೇಳುತ್ತಾರೆ.

ಸ್ಕ್ರೂ ಎಷ್ಟು ಬಿಗಿಯಾಗಿ ಕೂತಿದೆ ಎಂಬುದಕ್ಕೂ ಅಳತೆಯಿದೆ. ಸುಮಾರು 35 ನ್ಯೂಟನ್-ಸೆಂಟಿಮೀಟರ್ ತಿರುಚುಬಲಕ್ಕೆ ಅಲ್ಲಾಡದಿದ್ದರೆ ಅದೇ ದಿನ ತಾತ್ಪೂರ್ತಿಕ ಹಲ್ಲು ಬಿಗಿಯುತ್ತಾರೆ. ಅಷ್ಟು ಬಿಗಿ ಬರದಿದ್ದರೆ ವಸಡು ಹೊಲಿದು ತಿಂಗಳುಗಟ್ಟಲೆ ಕಾಯಬೇಕು. ಯಾರ ಎಲುಬು ಯಾವ ಗುಂಪಿಗೆ ಸೇರುತ್ತದೆ ಎಂಬುದು ಕೊರೆದ ಮೇಲೆಯೇ ಖಚಿತವಾಗುತ್ತದೆ. ಹಾಗಾಗಿ ಮೊದಲೇ "ಗ್ಯಾರಂಟಿ ಒಂದೇ ದಿನ" ಎನ್ನುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡಲಾರೆ.

ಮುಂದಿನ ಒಂದೆರಡು ತಿಂಗಳು ಈ ಇಡೀ ಕಥೆಯ ಮರ್ಮ. ಸ್ಕ್ರೂ ಕೂರಿಸಿದ ದಿನದ ಬಿಗಿ ಬರೀ ಯಂತ್ರದ ಬಿಗಿ, ಮರದಲ್ಲಿ ಮೊಳೆ ಹಿಡಿದಂಥದ್ದು. ದೇಹ ಮೊದಲು ಆ ಸುತ್ತಲಿನ ನಸುಗಾಯವಾದ ಎಲುಬನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಹಳೆಯದು ಕರಗಿ ಹೊಸದು ಇನ್ನೂ ಬರದ ಹೊತ್ತು, ಅಂದರೆ ಸುಮಾರು ಎರಡನೇ ವಾರದಿಂದ ನಾಲ್ಕನೇ ವಾರದ ಆಸುಪಾಸು, ಇಂಪ್ಲಾಂಟು ಮೊದಲ ದಿನಕ್ಕಿಂತಲೂ ಸಡಿಲ ಹಿಡಿತದಲ್ಲಿರುತ್ತದೆ. ವಿಪರ್ಯಾಸವೆಂದರೆ ಬಾವು ಇಳಿದು, ನೋವು ಹೋಗಿ, ಹೊಲಿಗೆ ಬಿಚ್ಚಿ, ರೋಗಿ "ಆರಾಮ ಆತು" ಅನ್ನುವುದು ಸರಿಯಾಗಿ ಇದೇ ಹೊತ್ತಿನಲ್ಲಿ. ಹೊಸ ಹಲ್ಲು ಬಾಯಲ್ಲಿದೆ, ಕನ್ನಡಿಯಲ್ಲಿ ಚೆಂದ ಕಾಣುತ್ತಿದೆ, ಎದುರಿಗೆ ರೊಟ್ಟಿ ಇದೆ. ಅಲ್ಲಿ ಎಡವಟ್ಟಾಗುತ್ತದೆ.

ಇದರಲ್ಲೂ ಮದುವೆಯ ಸುಗ್ಗಿ ದೊಡ್ಡ ಕೇಡು. ಮಗಳ ಮದುವೆ ಹದಿನೈದು-ಇಪ್ಪತ್ತು ದಿನವಿರುವಾಗ ಹಲ್ಲು ಕೂರಿಸಿಕೊಳ್ಳುವವರಿದ್ದಾರೆ. ಫೋಟೊ ಚೆಂದ ಬರುತ್ತದೆ, ನಿಜ. ಆದರೆ ಊಟದ ಸಾಲಿನಲ್ಲಿ ಬೀಗರು ಒತ್ತಾಯ ಮಾಡಿ ಬಡಿಸುವ ದಿನವೂ ಎಲುಬಿನ ಹಿಡಿತ ತೀರ ಕಡಿಮೆಯಿರುವ ದಿನವೂ ಒಂದೇ ಆಗಿಬಿಡುತ್ತದೆ. ಮದುವೆ ಇದ್ದರೆ ನಾಲ್ಕೈದು ತಿಂಗಳು ಮುಂಚೆ ಮಾಡಿಸಿ, ಇಲ್ಲವೇ ಮದುವೆ ಮುಗಿಸಿಕೊಂಡು ಬನ್ನಿ.

ಮೆತ್ತನೆಯ ಊಟಕ್ಕೆ ನಮ್ಮಲ್ಲಿ ಬರವಿಲ್ಲ. ಜೋಳದ ನುಚ್ಚು, ಅಂಬಲಿ, ರಾಗಿ ಗಂಜಿ, ಕಲಸಿದ ಅನ್ನ-ಬೇಳೆ, ಮೊಸರು, ಚೆನ್ನಾಗಿ ಬೆಂದ ಪಲ್ಲೆ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ. ಕನಿಷ್ಠ ಎಂಟು ವಾರ, ಸಾಧ್ಯವಾದರೆ ಮೂರು ತಿಂಗಳು ಇದೇ. ಕಟಿರೊಟ್ಟಿ, ಹುರಿದ ಶೇಂಗಾ, ಕಬ್ಬು, ಕರದಂಟು ಅಷ್ಟೂ ದಿನ ಬಂದ್. ಕೆಳದವಡೆಯ ಎಲುಬು ಗಟ್ಟಿ, ಅಲ್ಲಿ ಮೂರ್ನಾಲ್ಕು ತಿಂಗಳಿಗೆ ಕೆಲಸ ಮುಗಿಯಬಹುದು. ಮೇಲ್ದವಡೆಯ ಎಲುಬು ಸ್ಪಂಜಿನಂಥದ್ದು, ಅದು ಆರು ತಿಂಗಳವರೆಗೂ ಬೇಡುತ್ತದೆ. ಆಗ ತಾತ್ಪೂರ್ತಿಕ ಅಕ್ರಿಲಿಕ್ ಹಲ್ಲನ್ನು ಬಿಚ್ಚಿ, ಹೊಸ ಅಳತೆ ತೆಗೆದು, ಕಾಯಂ ಹಲ್ಲು ಮಾಡುತ್ತಾರೆ. ಅದು ಲೋಹದ ಚೌಕಟ್ಟಿನ ಮೇಲೆ ಕೂತ ಅಕ್ರಿಲಿಕ್ ಇರಬಹುದು, ಜಿರ್ಕೋನಿಯಾ ಇರಬಹುದು. ಜಿರ್ಕೋನಿಯಾ ಗಟ್ಟಿ, ನೋಡಲೂ ಚೆಂದ. ಮುರಿದರೆ ರಿಪೇರಿ ಕಷ್ಟ. ಅಕ್ರಿಲಿಕ್ ಸವೆಯುತ್ತದೆ, ಒಂದು ಹಲ್ಲು ಚೆಕ್ಕೆ ಎದ್ದರೆ ಊರಲ್ಲೇ ಸರಿಮಾಡಿಸಬಹುದು.

ಈಗ ಯಾರಿಗೆ ಇದು, ಯಾರಿಗೆ ಅಲ್ಲ. ವಯಸ್ಸು ದೊಡ್ಡ ಅಡ್ಡಿಯಲ್ಲ. ಎಪ್ಪತ್ತು ದಾಟಿದವರಲ್ಲೂ ಎಲುಬು ಕೂಡುತ್ತದೆ. ಅಡ್ಡಿ ಬರುವುದು ಸಕ್ಕರೆಯದು ಮತ್ತು ತಂಬಾಕಿನದು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ 7ರ ಒಳಗಿರಲಿ ಎಂದು ವೈದ್ಯರು ಬಯಸುತ್ತಾರೆ. 8 ದಾಟಿದರೆ ಬಹುತೇಕರು ಮೊದಲು ಸಕ್ಕರೆ ಇಳಿಸಿಕೊಂಡು ಬರಲು ಹೇಳುತ್ತಾರೆ. ವಸಡಿನ ರೋಗ ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ವಸಡನ್ನು ಕೆಡಿಸುತ್ತದೆ. ಎಲುಬು ಸವೆತಕ್ಕೋ ಕ್ಯಾನ್ಸರಿಗೋ ಜೊಲೆಡ್ರಾನಿಕ್ ಆಮ್ಲದಂಥ ಇಂಜೆಕ್ಷನ್ ತೆಗೆದುಕೊಂಡವರು ಅದನ್ನು ಹಲ್ಲಿನ ವೈದ್ಯರಿಗೆ ತಪ್ಪದೆ ಹೇಳಬೇಕು. ಹಲ್ಲು ಕಿತ್ತ ಜಾಗ ಮಾಯದೆ ದವಡೆ ಕೊಳೆಯುವ ಅಪಾಯ ಅವರಿಗಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹೃದಯದ ವೈದ್ಯರೂ ಹಲ್ಲಿನ ವೈದ್ಯರೂ ಮಾತಾಡಿಕೊಳ್ಳಲಿ.

ತಂಬಾಕಿನ ಮಾತು ಇಳಕಲ್ಲಿನಲ್ಲಿ ಹೊಸದಲ್ಲ. ಅಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಸು-ಕಾಳು ಬೇಡ, ನಿಮ್ಮ ಚಟ ಹಾಕಿ ಎಂದು ಮನೆಮನೆಯ ಮುಂದೆ ನಿಂತರು. ಬೀಡಿ, ಸಾರಾಯಿ, ಗುಟಖಾ ಬಿಡುವ ಮಾತು ಆ ಜೋಳಿಗೆಗೆ ಬಿತ್ತು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. 2013ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಗುಟಖಾ ನಿಷೇಧವೂ ಆಯಿತು. ಆಮೇಲೆ ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆಯಾಗಿ ಅಂಗಡಿ ಮುಂದೆ ಜೋಡಿಯಾಗಿ ತೂಗಾಡತೊಡಗಿದವು. ಕೊಳ್ಳುವವನು ಅಂಗೈಯಲ್ಲಿ ಕಲಸಿಕೊಳ್ಳುತ್ತಾನೆ. ಸೇದುವವರಲ್ಲಿ ಇಂಪ್ಲಾಂಟ್ ಕಳಚುವ ಸಂಭವ ಸೇದದವರಿಗಿಂತ ಸುಮಾರು ಎರಡು ಪಟ್ಟು. ಅಗಿಯುವವರದು ಇನ್ನೊಂದು ಸಮಸ್ಯೆ: ಅಡಿಕೆ-ಗುಟಖಾದಿಂದ ಕೆನ್ನೆಯ ಒಳಪದರ ಬಿಗಿದು ಬಾಯಿಯೇ ತೆರೆಯದಂತಾಗುತ್ತದೆ. ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯಿಯೊಳಗೆ ಹೋಗಬೇಕು. ಹೋಗದಿದ್ದರೆ ಕೊರೆಯುವ ಉಪಕರಣ ಹಿಂಭಾಗಕ್ಕೆ ತಲುಪುವುದೇ ಇಲ್ಲ. ಎಷ್ಟೇ ದುಡ್ಡಿದ್ದರೂ ಅಷ್ಟೇ. ಆ ಬಿಗಿ ಕ್ಯಾನ್ಸರಿನ ಮುನ್ಸೂಚನೆಯೂ ಆಗಬಹುದಾದ್ದರಿಂದ ಅವರು ಹೊಸ ಹಲ್ಲಿನ ಚಿಂತೆ ಬದಿಗಿಟ್ಟು ಮೊದಲು ಬಾಯಿ ತಪಾಸಣೆ ಮಾಡಿಸಿಕೊಳ್ಳಲಿ.

ಫ್ಲೋರೈಡಿನ ಮಾತೂ ಇಲ್ಲಿಯೇ ಬರಲಿ. ಹುನಗುಂದ-ಇಳಕಲ್ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಮಸ್ಯೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆದೀತು ಎಂಬುದು ನಮ್ಮ ದೇಶದ ಮಾನದಂಡ. ಹಲ್ಲು ಒಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇಂಥ ನೀರು ಕುಡಿದವರ ಹಲ್ಲಿನ ಮೇಲೆ ಹಳದಿ-ಕಂದು ಕಲೆ ಉಳಿಯುತ್ತದೆ. ನಾಚಿಕೆಪಟ್ಟು ಬಾಯಿ ಮುಚ್ಚಿ ನಗುವ ಎಷ್ಟೋ ಹುಡುಗ-ಹುಡುಗಿಯರಿದ್ದಾರೆ. ಆದರೆ ಕಲೆಯ ಹಲ್ಲು ಸತ್ತ ಹಲ್ಲಲ್ಲ, ಅಲ್ಲಾಡುವ ಹಲ್ಲೂ ಅಲ್ಲ. ಬರೀ ಕಲೆಗಾಗಿ ಗಟ್ಟಿ ಹಲ್ಲು ಕೀಳಿಸಿ ಇಂಪ್ಲಾಂಟ್ ಹಾಕಿಸುತ್ತೇನೆ ಎನ್ನುವ ಯುವಕರಿಗೆ ಯಾರಾದರೂ ಹೂಂ ಎಂದರೆ ಅದು ವೈದ್ಯಕೀಯವಲ್ಲ, ವ್ಯಾಪಾರ. ಕಲೆಗೆ ಹಲ್ಲಿನ ಬಣ್ಣದ ಸಿಮೆಂಟು ಮೆತ್ತುವುದರಿಂದ ಹಿಡಿದು ತೆಳು ಹೊದಿಕೆಯವರೆಗೆ ಬೇರೆ ದಾರಿಗಳಿವೆ.

ಇದೇ ಮಾತು ವಯಸ್ಸಾದವರಿಗೂ ಅನ್ವಯಿಸುತ್ತದೆ. "ಎಲ್ಲಾ ಕಿತ್ತ ಒಗೀರಿ" ಎನ್ನುವ ಮೊದಲು ಯಾವುದನ್ನು ಉಳಿಸಬಹುದು ಎಂದು ಕೇಳಿ. ಅಳ್ಳಾಡುವ ಹಲ್ಲೆಲ್ಲ ಹೋಗುವ ಹಲ್ಲಲ್ಲ. ಕೆಳಗಿನ ಎರಡು ಕೋರೆಹಲ್ಲು ಗಟ್ಟಿಯಿದ್ದರೂ ಅವುಗಳ ಬೇರನ್ನು ಉಳಿಸಿಕೊಂಡು ಅದರ ಮೇಲೆ ಸೆಟ್ಟು ಕೂರಿಸುವ ಹಳೆಯ ಪದ್ಧತಿ ಇವತ್ತಿಗೂ ಒಳ್ಳೆಯದು. ಬೇರು ಇರುವಷ್ಟು ಕಾಲ ಅಲ್ಲಿನ ಎಲುಬು ಅಷ್ಟಾಗಿ ಸವೆಯುವುದಿಲ್ಲ.

ದುಡ್ಡಿನ ವಿಷಯ. ಒಂದು ದವಡೆಗೆ ನಾಲ್ಕು ಇಂಪ್ಲಾಂಟು, ಮೇಲೆ ಕಾಯಂ ಹಲ್ಲು ಎಂದರೆ ಊರು, ಕಂಪನಿ, ಹಲ್ಲಿನ ವಸ್ತು ನೋಡಿಕೊಂಡು ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಎರಡರಿಂದ ನಾಲ್ಕು ಲಕ್ಷ ರೂಪಾಯಿ. ಎರಡೂ ದವಡೆಗೆ ಅದರ ಎರಡರಷ್ಟು. ಮಗ್ಗದ ಮೇಲೆ ದುಡಿಯುವ ನೇಕಾರನಿಗೆ ಇದು ಕೈಗೆಟುಕುವ ಮಾತಲ್ಲ. ಬಡವರಿಗೆಂದು ರಾಜ್ಯ ಸರ್ಕಾರ 2014ರಲ್ಲಿ ತಂದ ದಂತ ಭಾಗ್ಯ ಯೋಜನೆ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವುದಕ್ಕೆ ರೂಪಿಸಿದ್ದು, ಇಂಪ್ಲಾಂಟು ಅದರಲ್ಲಿಲ್ಲ.

ಇವೆರಡರ ನಡುವೆ ಒಂದು ದಾರಿಯಿದೆ, ಅದನ್ನು ಹೇಳುವವರು ಕಡಿಮೆ. 2002ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ, ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಂದು ತೀರ್ಮಾನಕ್ಕೆ ಬಂದರು: ಹಲ್ಲಿಲ್ಲದ ಕೆಳದವಡೆಗೆ ಬರೀ ಸೆಟ್ಟು ಸಾಲದು, ಮುಂಭಾಗದಲ್ಲಿ ಎರಡು ಇಂಪ್ಲಾಂಟು ಹಾಕಿ ಅದಕ್ಕೆ ಸೆಟ್ಟನ್ನು ಗುಂಡಿಯಂತೆ ಒತ್ತಿ ಕೂರಿಸುವುದೇ ಮೊದಲ ಆಯ್ಕೆಯಾಗಬೇಕು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸೇರಿದವರೂ ಇದನ್ನೇ ಎತ್ತಿಹಿಡಿದರು. ಮೇಲೆ ಮಾಮೂಲಿ ಸೆಟ್ಟು, ಕೆಳಗೆ ಎರಡು ಗುಂಡಿಯ ಸೆಟ್ಟು. ಖರ್ಚು ನಾಲ್ಕರ ಪದ್ಧತಿಯ ಅರ್ಧಕ್ಕಿಂತ ಕಡಿಮೆ. ರಾತ್ರಿ ತೆಗೆದು ತೊಳೆದು ಇಡಬಹುದು, ಆದ್ದರಿಂದ ಕೈ ನಡುಗುವ ಹಿರಿಯರಿಗೂ ಸ್ವಚ್ಛ ಮಾಡುವುದು ಸುಲಭ. ಮಾತಾಡುವಾಗ ಏಳುವುದಿಲ್ಲ, ಬಿಸಿರೊಟ್ಟಿ ಧಾರಾಳ ನಡೆಯುತ್ತದೆ. ಎರಡು ಲಕ್ಷ ಸಾಲ ತೆಗೆದು ನಾಲ್ಕು ಇಂಪ್ಲಾಂಟು ಹಾಕಿಸಿ ಆಮೇಲೆ ತಪಾಸಣೆಗೆ ಬಸ್ ಚಾರ್ಜಿಗೂ ಯೋಚಿಸುವುದಕ್ಕಿಂತ, ಇದನ್ನು ಮಾಡಿಸಿ ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಳ್ಳುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಬಡವರ ಪಾಲಿನ ಎರಡನೇ ದರ್ಜೆಯ ಚಿಕಿತ್ಸೆ ಎಂದು ತಿಳಿಯುವುದು ಬೇಡ.

ತಪಾಸಣೆಯ ಮಾತು ಯಾಕೆಂದರೆ, ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಅದರ ಸುತ್ತಲಿನ ವಸಡಿಗೆ ಕೀವು ಆಗುತ್ತದೆ, ಎಲುಬು ಕರಗುತ್ತದೆ. ಹಲ್ಲು ಕಳೆಯಲು ಯಾವ ರೋಗ ಕಾರಣವೋ ಅದೇ ರೋಗ ಬೇರೆ ವೇಷದಲ್ಲಿ ಮರಳುತ್ತದೆ. ಇಂಪ್ಲಾಂಟಿನ ಸುತ್ತ ಆ ಹಳೆಯ ಎಳೆಗಳೂ ಇಲ್ಲ, ಅವು ಕಳಿಸುತ್ತಿದ್ದ ಸುದ್ದಿಯೂ ಇಲ್ಲ. ನೋವಿಲ್ಲದೆಯೇ ಅರ್ಧ ಎಲುಬು ಹೋಗಿರಬಹುದು. ಹತ್ತು ವರ್ಷದ ನಂತರ ನೂರು ಇಂಪ್ಲಾಂಟುಗಳಲ್ಲಿ ಸುಮಾರು 95 ಬಾಯಲ್ಲೇ ಉಳಿದಿರುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಆದರೆ ಆ ಅಧ್ಯಯನಗಳ ರೋಗಿಗಳು ತಪ್ಪದೆ ತಪಾಸಣೆಗೆ ಬಂದವರು ಎಂಬುದನ್ನು ಜಾಹೀರಾತು ಸೇರಿಸುವುದಿಲ್ಲ. ದಿನಾಲೂ ಹಲ್ಲಿನ ಸೇತುವೆಯ ಕೆಳಗೆ ಸಂದಿನ ಬ್ರಶ್ಶು ಅಥವಾ ದಪ್ಪ ದಾರ ಆಡಿಸಬೇಕು, ನೀರು ಚಿಮ್ಮುವ ಉಪಕರಣವಿದ್ದರೆ ಇನ್ನೂ ಒಳ್ಳೆಯದು. ಬೆರಳಿನಿಂದ ಪುಡಿ ತಿಕ್ಕಿ ಮುಕ್ಕಳಿಸಿದರೆ ಆಗದು. ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ, ಆಗಾಗ ಎಕ್ಸ್‌ರೇ ತೆಗೆಸಬೇಕು.

ಆದ್ದರಿಂದ ಎಲ್ಲಿ ಮಾಡಿಸುವುದು ಎಂಬ ಪ್ರಶ್ನೆಗೆ ನನ್ನ ಉತ್ತರ ದೊಡ್ಡ ಊರಿನ ಹೆಸರಲ್ಲ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಮಗ ಇದ್ದಾನೆಂದು ಅಲ್ಲಿ ಹೋಗಿ ಮಾಡಿಸಿಕೊಂಡು ಬಂದವರು, ಒಂದು ಸ್ಕ್ರೂ ಸಡಿಲಾದರೂ ಮತ್ತೆ ರಾತ್ರಿ ಬಸ್ಸು ಹತ್ತಬೇಕಾಗುತ್ತದೆ. ಬಾಗಲಕೋಟೆಯಲ್ಲೇ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ವೈದ್ಯಕೀಯ ಕಾಲೇಜು ಇದೆ. ಬಾದಾಮಿಯವರಿಗೆ ರೈಲೂ ಇದೆ, ಹುನಗುಂದ-ಇಳಕಲ್ಲಿನವರಿಗೆ ಬಸ್ಸು. ದಂತ ಕಾಲೇಜಿನಲ್ಲಿ ಸಮಯ ಹೆಚ್ಚು ಹಿಡಿಯುತ್ತದೆ, ಸರದಿಯಲ್ಲಿ ಕೂರಬೇಕು. ಆದರೆ ಹಲ್ಲು ಕಟ್ಟುವವರು, ವಸಡಿನವರು, ಶಸ್ತ್ರಚಿಕಿತ್ಸೆಯವರು ಒಂದೇ ಸೂರಿನಡಿ ಇರುವುದು ದೊಡ್ಡ ಅನುಕೂಲ. ಖಾಸಗಿ ಆಸ್ಪತ್ರೆಯವರು ಹೇಳಿದ ಯೋಜನೆ ಸರಿಯೇ ಎಂದು ಎರಡನೇ ಅಭಿಪ್ರಾಯ ಕೇಳುವುದಕ್ಕಾದರೂ ಅಂಥಲ್ಲಿಗೆ ಹೋಗಬೇಕು. ನಿಮ್ಮೂರಿನ ದಂತವೈದ್ಯರು ತಾವೇ ಇಂಪ್ಲಾಂಟ್ ಮಾಡದಿದ್ದರೂ ಮುಂದಿನ ತಪಾಸಣೆ ನೋಡಿಕೊಳ್ಳಲು ಒಪ್ಪುತ್ತಾರೆಯೇ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಕುರ್ಚಿಯಲ್ಲಿ ಕೂತಾಗ ಕೇಳಲು ಸಂಕೋಚಪಡಬೇಡಿ. ಮೂರು ಆಯಾಮದ ಸ್ಕ್ಯಾನ್ ತೆಗೆದಿದ್ದೀರಾ, ನರ ಎಷ್ಟು ದೂರದಲ್ಲಿದೆ? ನೀವು ಹೇಳಿದ ಮೊತ್ತದಲ್ಲಿ ಕಾಯಂ ಹಲ್ಲೂ ಸೇರಿದೆಯೋ, ಬರೀ ತಾತ್ಪೂರ್ತಿಕದ್ದೋ? ಒಂದು ಇಂಪ್ಲಾಂಟ್ ಹಿಡಿಯದಿದ್ದರೆ ಮತ್ತೆ ಹಾಕುವ ಖರ್ಚು ಯಾರದು? ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನ ಜಗಳಗಳು ಹುಟ್ಟುವುದು; ಕಡಿಮೆ ದರದ ಜಾಹೀರಾತಿನಲ್ಲಿ ಆರು ತಿಂಗಳ ನಂತರದ ಹಲ್ಲು ಇರುವುದೇ ಇಲ್ಲ.

ಕೊನೆಗೊಂದು ಕಾಗದದ ಮಾತು. ಪ್ರತಿ ಇಂಪ್ಲಾಂಟಿನ ಡಬ್ಬಿಯ ಮೇಲೆ ಕಂಪನಿ, ಮಾದರಿ, ದಪ್ಪ, ಉದ್ದ, ಬ್ಯಾಚ್ ಸಂಖ್ಯೆ ಇರುವ ಸಣ್ಣ ಸ್ಟಿಕರ್ ಇರುತ್ತದೆ. ನಾಲ್ಕು ಹಾಕಿದರೆ ನಾಲ್ಕು ಸ್ಟಿಕರ್. ಅವನ್ನು ಒಂದು ಕಾರ್ಡಿಗೆ ಅಂಟಿಸಿ ಕೊಡಿ ಎಂದು ಕೇಳಿ ಪಡೆಯಿರಿ, ಯಾವ ಹಲ್ಲಿನ ಜಾಗಕ್ಕೆ ಯಾವುದು ಎಂದೂ ಬರೆಸಿಕೊಳ್ಳಿ. ಒಂದು ಕಂಪನಿಯ ಸ್ಕ್ರೂಗೆ ಇನ್ನೊಂದರ ಚಾವಿ ಹೊಂದುವುದಿಲ್ಲ. ಎಂಟು ವರ್ಷದ ಮೇಲೆ ಹಲ್ಲು ಸಡಿಲಾದಾಗ ಆ ವೈದ್ಯರು ಊರು ಬಿಟ್ಟಿರಬಹುದು, ಫೈಲು ಕಳೆದಿರಬಹುದು. ಕಾರ್ಡು ಇದ್ದರೆ ಬೇರೆ ವೈದ್ಯರು ಸರಿಯಾದ ಚಾವಿ ತರಿಸಿ ಅಂದೇ ಬಿಗಿದುಕೊಡಬಹುದು; ಇಲ್ಲದಿದ್ದರೆ ಯಾವ ಕಂಪನಿಯದು ಎಂದು ಎಕ್ಸ್‌ರೇ ನೋಡಿ ಊಹಿಸುತ್ತ ಕೂಡಬೇಕು. ಕಾರ್ಡಿನ ಒಂದು ಫೋಟೊ ಮಗನ ಫೋನಿನಲ್ಲೂ ಇರಲಿ, ಮಗಳ ಫೋನಿನಲ್ಲೂ ಇರಲಿ.